ಅವೆನ್ಯೂ ರಸ್ತೆಯಿಂದ ಶುರು ಮಾಡಿ

ದಾವಣಗೆರೆಯಿಂದ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಮುಂದಿನ ತಿಂಗಳು ಒಂದು ಶನಿವಾರ, ಭಾನುವಾರ ಹೆಂಡತಿ ಮತ್ತು 12 ವರ್ಷದ ಮೊಮ್ಮಗಳ ಜೊತೆ ಬೆಂಗಳೂರಿಗೆ ಬರುತ್ತಾರಂತೆ. "ನಿಮ್ಮ ಹಿಂದಿನ ಸಂಚಿಕೆಯ ಹಳೆಯ ಕಟ್ಟಡಗಳ ಪುಟ ಚೆನ್ನಾಗಿತ್ತು, ಆದರೆ ಅದರಲ್ಲಿ ಒಂದು ಚರ್ಚೂ ಇಲ್ಲವಲ್ಲ? ಮೊಮ್ಮಗಳಿಗೆ ಚರ್ಚು ನೋಡುವ ಆಸೆ. ಅವೆಲ್ಲ ಇಂಗ್ಲಿಷರ ದಂಡಿನವು, ಕನ್ನಡದವರಿಗೆ ಅಲ್ಲೇನಿದೆ ಅಂತ ನೆಂಟರು ಹೇಳುತ್ತಾರೆ. ನಾವು ಕ್ರೈಸ್ತರಲ್ಲ, ಒಳಗೆ ಬಿಡುತ್ತಾರಾ? ಅವಳು ಮೇಣದಬತ್ತಿ ಹಚ್ಚಬೇಕು ಅಂತಿದ್ದಾಳೆ, ಹಚ್ಚಬಹುದಾ?" ಇಷ್ಟು ಅವರ ಪ್ರಶ್ನೆ.

ಮೇಷ್ಟ್ರೇ, ಮೊದಲಿಗೆ ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಆ ಪುಟ ಮಾಡುವಾಗ ವಿಧಾನಸೌಧ, ಅರಮನೆ, ಲಾಲ್‌ಬಾಗ್ ಅಂತ ಕೈಗೆ ಸಿಕ್ಕಿದ್ದನ್ನು ಹಾಕಿಬಿಟ್ಟೆವು. ಚರ್ಚುಗಳನ್ನು ಬೇರೆ ಪುಟಕ್ಕೆ ಎತ್ತಿಟ್ಟುಕೊಂಡರೆ ಆಯಿತು ಅಂದುಕೊಂಡೆವು. ನಿಮ್ಮ ಪತ್ರ ಓದಿದ ಮೇಲೆ ಅನ್ನಿಸಿತು, ಬೇರೆ ಪುಟ ಅನ್ನೋದೇ ತಪ್ಪು. ಊರಿನಲ್ಲಿ ಅವು ಬೇರೆಯಾಗಿ ನಿಂತಿಲ್ಲ. ಕೋಟೆ, ಗುಡಿ, ಪುಸ್ತಕದಂಗಡಿ, ಮಾರ್ಕೆಟ್ಟು ಇವುಗಳ ಪಕ್ಕದಲ್ಲೇ ಇವೆ.

ನಿಮ್ಮ ನೆಂಟರ ಮಾತಿನಲ್ಲಿ ಅರ್ಧ ನಿಜ ಇದೆ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಹೂಡಿದರು. ಆಮೇಲೆ ಪೇಟೆ ಒಂದು ಊರು, ದಂಡು ಇನ್ನೊಂದು ಊರು ಅನ್ನುವ ಹಾಗಾಯಿತು, ಎರಡೂ ಒಂದೇ ಕಾರ್ಪೊರೇಷನ್ನಿಗೆ ಸೇರಿದ್ದು 1949ರಲ್ಲಿ. ಎಂ.ಜಿ. ರಸ್ತೆಯ ಆಸುಪಾಸಿನ ದೊಡ್ಡ ಚರ್ಚುಗಳು ಆ ದಂಡಿಗೆ ಸೇರಿದವು. ಆದರೆ ಬಂದವರೆಲ್ಲ ಅವನ್ನಷ್ಟೇ ನೋಡಿ ಹೋಗುತ್ತಾರೆ, ಅದಕ್ಕೇ ಈ ಮಾತು ಹುಟ್ಟಿದೆ. ನೀವು ಹಾಗೆ ಮಾಡಬೇಡಿ. ಪೇಟೆಯಿಂದ ಶುರು ಮಾಡಿ.

ಶನಿವಾರ ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೋ ಹತ್ತಿ, ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣಕ್ಕೆ ಬನ್ನಿ. ಹತ್ತಿರದಲ್ಲೇ ಕೋಟೆಯ ದಿಲ್ಲಿ ಬಾಗಿಲು. ಕೆಂಪೇಗೌಡರ ಮಣ್ಣಿನ ಕೋಟೆಯನ್ನು ಹೈದರಾಲಿ ಕಲ್ಲಿನದಾಗಿ ಕಟ್ಟಿಸಿದ್ದು 1761ರಲ್ಲಿ. 1791ರ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸ್‌ನ ಸೈನ್ಯ ಗೋಡೆ ಒಡೆದು ಒಳಗೆ ನುಗ್ಗಿತು. ಈಗ ಉಳಿದಿರೋದು ಒಂದು ತುಂಡು ಅಷ್ಟೇ. ಆ ತುಂಡಿನ ಒಳಗೊಂದು ಗಣಪತಿ ಗುಡಿ ಇದೆ, ಮೊಮ್ಮಗಳಿಗೆ ತೋರಿಸಿ. ಅಲ್ಲಿಂದ ನಡೆದರೆ ಟಿಪ್ಪುವಿನ ಬೇಸಿಗೆ ಅರಮನೆ, ಹೈದರಾಲಿ ಶುರು ಮಾಡಿ ಟಿಪ್ಪು 1791ರಲ್ಲಿ ಮುಗಿಸಿದ್ದು, ಒಳಗೆ ತೇಗದ ಕಂಬಗಳು ತುಂಬ ಚೆಂದ. ಅದಕ್ಕೆ ಅಂಟಿಕೊಂಡೇ ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನ, ಅದು ಅರಮನೆಗಿಂತ ಹಳೆಯದು, ಚಿಕ್ಕದೇವರಾಜ ಒಡೆಯರ ಕಾಲದ್ದು. ಇಷ್ಟಕ್ಕೆ ಒಂದು ಮಧ್ಯಾಹ್ನ ಸಾಕು.

ಭಾನುವಾರ ಬೆಳಿಗ್ಗೆ ಮಾತ್ರ ನನ್ನ ಮಾತು ಕೇಳಿ, ಅವೆನ್ಯೂ ರಸ್ತೆಗೆ ಬನ್ನಿ. ಹಿಂದೆ ಇದಕ್ಕೆ ದೊಡ್ಡಪೇಟೆ ಅಂತಿದ್ದರು. ವಾರದ ದಿನಗಳಲ್ಲಿ ಇಲ್ಲಿ ಕೈಗಾಡಿ, ಬೈಕು, ಹಳೆ ಪುಸ್ತಕದ ರಾಶಿ, ಕಾಲಿಡೋಕೂ ಜಾಗ ಇರಲ್ಲ. ಆ ಅಂಗಡಿಗಳ ಸಾಲಿನ ನಡುವೆ ರೈಸ್ ಸ್ಮಾರಕ ದೇವಾಲಯ ಅನ್ನುವ ಚರ್ಚು ಇದೆ. ಎಷ್ಟೋ ವರ್ಷ ಇದೇ ರಸ್ತೆಗೆ ಪುಸ್ತಕ ಹುಡುಕೋಕೆ ಬರುತ್ತಿದ್ದ ನಾನು ಅದನ್ನು ನೋಡಿಯೇ ಇರಲಿಲ್ಲ, ದಾಟಿಕೊಂಡು ಹೋಗುತ್ತಿದ್ದೆ. ಈಗಿನ ಕಟ್ಟಡ 1917ರದ್ದು. ಅದೇ ಜಾಗದಲ್ಲಿ ಅದಕ್ಕೂ ಮುಂಚೆ ಲಂಡನ್ ಮಿಷನ್ನಿನ ಚಿಕ್ಕ ದೇವಾಲಯ ಇತ್ತು.

ರೈಸ್ ಅಂದಕೂಡಲೇ ಕನ್ನಡ ಮೇಷ್ಟ್ರಾದ ನಿಮ್ಮ ಕಿವಿ ನೆಟ್ಟಗಾಗಿರಬೇಕು ಅಲ್ವಾ? ಹೌದು, ಅದೇ ಮನೆತನ. ದೇವಾಲಯಕ್ಕೆ ಹೆಸರು ಕೊಟ್ಟ ಬೆಂಜಮಿನ್ ಹೋಲ್ಟ್ ರೈಸ್ ಪಾದ್ರಿ, ಕನ್ನಡ ಬೈಬಲ್ಲಿನ ಪರಿಷ್ಕರಣೆಗೆ ದುಡಿದವರು. ಅವರ ಮಗ ಬಿ.ಎಲ್. ರೈಸ್. 1837ರಲ್ಲಿ ಇದೇ ಬೆಂಗಳೂರಿನಲ್ಲಿ ಹುಟ್ಟಿದವರು. ಮುಂದೆ ಮೈಸೂರು ಸಂಸ್ಥಾನದ ಊರೂರು ತಿರುಗಿ ಸುಮಾರು 9 ಸಾವಿರ ಶಾಸನಗಳನ್ನು ಓದಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ನೀವು ಮೂವತ್ತು ವರ್ಷ ಪಾಠ ಮಾಡುವಾಗ ಗಂಗರು, ಹೊಯ್ಸಳರು ಅಂತ ಹೇಳಿಕೊಟ್ಟದ್ದರಲ್ಲಿ ಆ ಮನುಷ್ಯನ ದುಡಿಮೆ ಎಷ್ಟಿದೆ ಅಂತ ನಿಮಗೇ ಗೊತ್ತು. ಕನ್ನಡದವರಿಗೆ ಅಲ್ಲೇನಿದೆ ಅಂದ ನೆಂಟರನ್ನು ಮೊದಲು ಇಲ್ಲಿಗೇ ಕರೆದುಕೊಂಡು ಬನ್ನಿ.

ಕಟ್ಟಡ ನೋಡಿ ಹೊರಟುಬಿಡಬೇಡಿ, ಆರಾಧನೆಯ ಹೊತ್ತಿಗೆ ಕೂತುಕೊಳ್ಳಿ. ಇಲ್ಲಿಯೂ, ಅರ್ಧ ಗಂಟೆ ನಡೆಯುವಷ್ಟು ದೂರದ ಹಡ್ಸನ್ ಸ್ಮಾರಕ ದೇವಾಲಯದಲ್ಲೂ ಕನ್ನಡದಲ್ಲೇ ಆರಾಧನೆ ನಡೆಯುತ್ತದೆ. ಹಡ್ಸನ್ ವೃತ್ತ ಅಂದರೆ ಬಸ್ಸಿನಲ್ಲಿ ಓಡಾಡುವ ಎಲ್ಲರಿಗೂ ಗೊತ್ತು, ಆ ಹೆಸರು ಬಂದದ್ದು ಈ ಬೂದು ಕಲ್ಲಿನ ದೇವಾಲಯದಿಂದ ಅನ್ನೋದು ತುಂಬ ಜನರಿಗೆ ಗೊತ್ತಿಲ್ಲ. ವೆಸ್ಲಿಯನ್ ಮಿಷನ್ನಿನ ಜೋಸೈಯಾ ಹಡ್ಸನ್ ನೆನಪಿಗೆ 1904ರಲ್ಲಿ ಕಟ್ಟಿದ್ದು. ನಾನು ಮೊದಲ ಸಲ ಒಳಗೆ ಹೋದಾಗ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿದ್ದೆ. ಹಾಡು ಶುರುವಾಯಿತು. ಪಕ್ಕದಲ್ಲಿದ್ದ ಅಜ್ಜಿ ನನ್ನ ಕಡೆ ನೋಡಲೂ ಇಲ್ಲ, ತನ್ನ ಕೀರ್ತನೆ ಪುಸ್ತಕವನ್ನು ಮೆಲ್ಲಗೆ ಇಬ್ಬರ ಮಧ್ಯಕ್ಕೆ ಸರಿಸಿ, ಹಾಡುತ್ತಿದ್ದ ಸಾಲಿನ ಕೆಳಗೆ ಬೆರಳಿಟ್ಟರು. ಪುಸ್ತಕದ ಮೂಲೆಗಳು ಸವೆದು ದುಂಡಗಾಗಿದ್ದವು. ಸಾಲು ಮುಂದೆ ಹೋದ ಹಾಗೆ ಬೆರಳೂ ಹೋಗುತ್ತಿತ್ತು. ನನಗೆ ಆ ರಾಗ ಬರುತ್ತಿರಲಿಲ್ಲ, ಆದರೆ ಒಂದೊಂದು ಮಾತೂ ನಮ್ಮ ಮನೆಯ ಮಾತು. ಆವತ್ತಿನಿಂದ ಯಾರು ಕೇಳಿದರೂ ನಾನು ಮೊದಲು ಹೇಳೋದು ಈ ಎರಡು ದೇವಾಲಯಗಳ ಹೆಸರನ್ನೇ.

ಅಂದಹಾಗೆ, ದೇವಾಲಯ ಅಂತ ನಾನು ಬೇಕಂತಲೇ ಬರೆಯುತ್ತಿಲ್ಲ. ಕನ್ನಡ ಕ್ರೈಸ್ತರು ತಮ್ಮ ಚರ್ಚನ್ನು ಹಾಗೇ ಕರೆಯುತ್ತಾರೆ.

ಆರಾಧನೆ ಮುಗಿಸಿ ಹೊರಗೆ ಬಂದರೆ ಹತ್ತಿರದಲ್ಲೇ ಕಬ್ಬನ್ ಪಾರ್ಕು. ಮರಗಳ ನೆರಳಲ್ಲೇ ನಡೆದು ಆಚೆ ಬದಿಗೆ ಹೋದರೆ ಕೆಂಪು ಅಠಾರ ಕಚೇರಿ ಸಿಗುತ್ತದೆ. ಅದು ಮುಗಿದದ್ದು 1868ರಲ್ಲಿ, ಈಗ ಹೈಕೋರ್ಟು. ಎದುರಿಗೇ ವಿಧಾನಸೌಧ, ಭಾನುವಾರ ಹೊರಗಿಂದ ನೋಡಿದರೆ ಸಾಕು. ಪಾರ್ಕನ್ನು ಅಡ್ಡ ದಾಟಿ ಎಂ.ಜಿ. ರಸ್ತೆಯ ತುದಿಗೆ ಬಂದರೆ ಸೇಂಟ್ ಮಾರ್ಕ್ಸ್ ಕೆಥೆಡ್ರಲ್. ಇಲ್ಲಿಂದ ನೀವು ದಂಡಿನೊಳಗೆ ಕಾಲಿಟ್ಟ ಹಾಗೆ. 1812ರಲ್ಲಿ ಕಟ್ಟಿದ್ದು, 1923ರಲ್ಲಿ ಬೆಂಕಿಗೆ ಸಿಕ್ಕಿ ಹಾಳಾಯಿತು, 1927ರಲ್ಲಿ ಮತ್ತೆ ಎದ್ದು ನಿಂತಿತು. ಗುಮ್ಮಟ ನೋಡಿ, ಆದರೆ ಅದಕ್ಕಿಂತ ಜಾಸ್ತಿ ಹೊತ್ತು ಗೋಡೆಯ ಮೇಲಿನ ನೆನಪಿನ ಕಲ್ಲುಗಳನ್ನು ಓದಿ. ಎಂ.ಜಿ. ರಸ್ತೆಯ ಇನ್ನೊಂದು ತುದಿಯ ಹೋಲಿ ಟ್ರಿನಿಟಿ ಚರ್ಚಿನಲ್ಲೂ ಹೀಗೇ ಇವೆ, ಅದು 1850ರ ಹೊತ್ತಿಗೆ ಸೈನಿಕರಿಗಾಗಿ ಕಟ್ಟಿದ್ದು, ಟ್ರಿನಿಟಿ ಮೆಟ್ರೋ ನಿಲ್ದಾಣದ ಹತ್ತಿರ. ಹೆಸರು, ದಳ, ಸತ್ತಾಗಿನ ವಯಸ್ಸು. ಮೊಮ್ಮಗಳು ವಯಸ್ಸುಗಳನ್ನು ಓದಲಿ. ಶಾಸನ ಓದಿಸುವ ಮೇಷ್ಟ್ರಿಗೆ ಇದೂ ಶಾಸನವೇ. ಹೊತ್ತು ಉಳಿದರೆ ಕಬ್ಬನ್ ರಸ್ತೆಯ ಸೇಂಟ್ ಆಂಡ್ರೂಸ್, ಸ್ಕಾಟ್ಲೆಂಡಿನವರು 1866ರಲ್ಲಿ ತೆರೆದದ್ದು. ಉಳಿಯದಿದ್ದರೆ ಬಿಡಿ, ಕಾಲಿಗೂ ವಿಶ್ರಾಂತಿ ಬೇಕಲ್ಲ.

ಸಂಜೆಗೆ ಮಾತ್ರ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾ ತಪ್ಪಿಸಬೇಡಿ. ಇಲ್ಲಿಂದ ಒಂದು ಆಟೋ ಹಿಡಿದರೆ ಸಾಕು. ಬೆಂಗಳೂರಿನ ಅತ್ಯಂತ ಹಳೆಯ ಚರ್ಚು ಅಂತ ಇದನ್ನೇ ಹೇಳುತ್ತಾರೆ. ಮೊದಲು ಇಲ್ಲಿ ಫ್ರೆಂಚ್ ಪಾದ್ರಿ ದ್ಯುಬುವಾ ಕಟ್ಟಿದ ಚಿಕ್ಕ ಗುಡಿ ಇತ್ತು. ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸೋಕೆ ಓಡಾಡಿದವರೂ ಅವರೇ. ಹಳೆಯ ಹೆಸರು ಕಾಣಿಕೆ ಮಾತೆ ದೇವಾಲಯ. ಈಗಿನ ಚೂಪು ಗೋಪುರದ ಕಟ್ಟಡ 1882ರದ್ದು. 1970ರ ದಶಕದಲ್ಲಿ ಬೆಸಿಲಿಕಾ ಅನ್ನುವ, ಪೋಪ್ ಕೊಡುವ ಪಟ್ಟ ಬಂತು, ನಮ್ಮ ರಾಜ್ಯದಲ್ಲಿ ಮೊದಲು ಸಿಕ್ಕಿದ್ದು ಇದಕ್ಕೇ. ಇಲ್ಲಿ ಮಾತೆಗೆ ಸೀರೆ ಉಡಿಸುತ್ತಾರೆ. ನಿಮ್ಮ ಮನೆಯವರು ಅಲ್ಲಿಂದ ಬೇಗ ಏಳುವುದಿಲ್ಲ, ಈಗಲೇ ಹೇಳುತ್ತಿದ್ದೇನೆ. ನಾನು ಚಿಕ್ಕವನಿದ್ದಾಗ ಅಮ್ಮ ಸೆಪ್ಟೆಂಬರ್ 8ರ ಹಬ್ಬಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಹರಕೆ ಹೊತ್ತವರು ಕಾವಿ ಬಣ್ಣದ ಬಟ್ಟೆ ಉಟ್ಟು ಬರುತ್ತಾರೆ, ಸಂಜೆ ತೇರು ಹೊರಡುತ್ತದೆ. ಅಮ್ಮನ ಸೆರಗು ಹಿಡಿದು ನಿಂತ ನನಗೆ ನಮ್ಮೂರ ಜಾತ್ರೆಗೂ ಅದಕ್ಕೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಅಮ್ಮನೂ ಕ್ರೈಸ್ತಳಲ್ಲ. ಒಳಗೆ ಬಿಡುತ್ತಾರಾ ಅಂದಿರಲ್ಲ, ಅಲ್ಲಿಗೆ ಬರುವವರಲ್ಲಿ ಯಾರು ಯಾವ ಧರ್ಮ ಅಂತ ಯಾರೂ ಕೇಳುವುದಿಲ್ಲ.

ಎರಡು ಮೂರು ವಿಷಯ ನೆನಪಿಡಿ. ಬಲಿಪೂಜೆ (ಕ್ಯಾಥೊಲಿಕರ ಆರಾಧನೆಗೆ ಹೀಗನ್ನುತ್ತಾರೆ) ಅಥವಾ ಆರಾಧನೆ ನಡೆಯುವಾಗ ಫೋಟೋ ತೆಗೆಯಬೇಡಿ, ಫೋನು ಜೇಬಿನಲ್ಲಿರಲಿ. ಎಲ್ಲರೂ ಎದ್ದು ನಿಂತರೆ ನೀವೂ ನಿಲ್ಲಿ. ಪರಮಪ್ರಸಾದ ಕೊಡುವಾಗ ಜನ ಸಾಲು ಹೋಗುತ್ತಾರೆ, ಆಗ ನೀವು ಕೂತಲ್ಲೇ ಇರಿ. ಅದು ಆ ನಂಬಿಕೆಯವರಿಗೆ ಮಾತ್ರ, ನಮ್ಮ ದೇವಸ್ಥಾನದ ಪ್ರಸಾದದ ಹಾಗೆ ಎಲ್ಲರಿಗೂ ಹಂಚುವುದಲ್ಲ. ಗೊತ್ತಿಲ್ಲದೆ ಸಾಲಿನಲ್ಲಿ ನಿಂತು ಆಮೇಲೆ ಮುಜುಗರಪಟ್ಟವರನ್ನು ನೋಡಿದ್ದೇನೆ. ಹೊರಡುವ ಮುಂಚೆ ಆರಾಧನೆಯ ಸಮಯ ಫೋನು ಮಾಡಿ ಕೇಳಿಕೊಳ್ಳಿ, ಭಾನುವಾರ ಒಂದೊಂದು ಭಾಷೆಗೆ ಒಂದೊಂದು ಹೊತ್ತು ಇರುತ್ತದೆ.

ಇನ್ನು ಮೇಣದಬತ್ತಿ. ಧಾರಾಳವಾಗಿ ಹಚ್ಚಬಹುದು. ಬೆಸಿಲಿಕಾದ ಹೊರಗೇ ಮಾರುತ್ತಾರೆ. ಬೇರೆಯವರ ಬತ್ತಿ ಉರಿಯುತ್ತಿರುತ್ತದಲ್ಲ, ಅದರಿಂದಲೇ ಹೊತ್ತಿಸಿಕೊಳ್ಳಲಿ. ತಳವನ್ನು ಸ್ವಲ್ಪ ಕರಗಿಸಿ ಒತ್ತಿದರೆ ನೆಟ್ಟಗೆ ನಿಲ್ಲುತ್ತದೆ. ಸಂಜೆ ಗಾಳಿ ಜಾಸ್ತಿ, ನಿಲ್ಲುವವರೆಗೆ ನಿಮ್ಮ ಕೈ ಅಡ್ಡ ಹಿಡಿಯಿರಿ.