ಬಸುರಿಯ ತಟ್ಟೆಯಲ್ಲಿ ಏನಿರಬೇಕು: ಅಂಕೋಲಾ ಕಡೆಯ ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಅಂಕೋಲಾ ಹತ್ತಿರದ ಹಳ್ಳಿಯಿಂದ ಬರೆದ ತಂಗಿಗೆ,

ನಿಮ್ಮ ನಾಲ್ಕು ಪುಟದ ಪತ್ರ ತಲುಪಿತು. ಮೊದಲ ಬಸಿರು, ಐದನೇ ತಿಂಗಳು, ರಕ್ತ (ಹಿಮೋಗ್ಲೋಬಿನ್) 9.2 ಗ್ರಾಂ ಇದೆ ಅಂತ ಬರೆದಿದ್ದೀರಿ. ಪಪ್ಪಾಯಿ ಬೇಡ, ಮೀನು ಉಷ್ಣ, ಬದನೆಕಾಯಿ ನಂಜು, ಕಬ್ಬಿಣದ ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ ಅಂತ ಅತ್ತೆ ಹೇಳುತ್ತಾರೆ, ಗಂಡ ಮೊಬೈಲ್ ನೋಡಿ ಇನ್ನೇನೋ ಹೇಳುತ್ತಾರೆ. ಯಾರ ಮಾತು ಕೇಳಲಿ ಅಂತ ನಿಮ್ಮ ಪ್ರಶ್ನೆ.

ತಿನ್ನಬಾರದ್ದು ಅಂತ ನೀವು ಬರೆದದ್ದನ್ನು ಎಣಿಸಿದೆ. ಹದಿಮೂರು ಪದಾರ್ಥ. ತಿನ್ನಬೇಕಾದ್ದು ಮೂರೇ: ಹಾಲು, ತುಪ್ಪ, ಕೇಸರಿ. ಇದು ನಿಮ್ಮ ಮನೆಯೊಂದರ ಮಾತಲ್ಲ. ನಮ್ಮ ಕಡೆ ಬಸುರಿಗೆ ಗೊತ್ತಿರುವುದು ಜಾಸ್ತಿ 'ಬೇಡ'ಗಳೇ, 'ಬೇಕು' ಅಂತ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ಒಂದೊಂದು ಬೇಡ ಸೇರಿದಾಗಲೂ ತಟ್ಟೆಯಲ್ಲಿ ಒಂದು ಕಡಿಮೆಯಾಗುತ್ತದೆ, ಕೊನೆಗೆ ಉಳಿಯುವುದು ಅನ್ನ, ಸಾರು.

ಮೊದಲು ಮಾತ್ರೆಯ ವಿಷಯ. ಬಸಿರಿನಲ್ಲಿ ರಕ್ತ 11ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಜನಕ್ಕೆ ಇದಿತ್ತು, ಅಂದರೆ ಅರ್ಧಕ್ಕಿಂತ ಜಾಸ್ತಿ. ಬಸುರಿಗೆ ದಿನಕ್ಕೆ 27 ಮಿಲಿಗ್ರಾಂ ಕಬ್ಬಿಣ ಬೇಕು, ಅಷ್ಟು ಬರೀ ಊಟದಿಂದ ಸಿಗುವುದು ಕಷ್ಟ. ಅದಕ್ಕೇ ಸರ್ಕಾರ 180 ದಿನಗಳ ಮಾತ್ರೆ ಕೊಡುವುದು. ನಿಮಗೆ ಡಾಕ್ಟರು ದಿನಕ್ಕೆ ಎರಡು ಅಂದರೆ ಎರಡೂ ನುಂಗಿ. ಮಗುವಿನ ಬಣ್ಣ ಅಪ್ಪ ಅಮ್ಮನಿಂದ ಬರುತ್ತದೆ, ಮಾತ್ರೆಯಿಂದ ಅಲ್ಲ, ಕೇಸರಿಯಿಂದಲೂ ಅಲ್ಲ. ಮಲ ಮಾತ್ರ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಡಿ.

ನನ್ನ ಮೊದಲ ಬಸಿರಿನಲ್ಲಿ ನಾನೂ ಒಂದು ದಿನ ತಪ್ಪಿಸದೆ ಮಾತ್ರೆ ನುಂಗಿದೆ, ಸಂಜೆ ಚಾ ಜೊತೆಗೆ. ಏಳನೇ ತಿಂಗಳಾದರೂ ರಕ್ತ ಏರಲಿಲ್ಲ. ಚಾ ಜೊತೆ ನುಂಗಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ ಅಂತ ಮಾತ್ರೆ ಕೊಟ್ಟವರು ಹೇಳಿರಲಿಲ್ಲ, ನನಗೂ ಕೇಳಬೇಕು ಅಂತ ತಿಳಿದಿರಲಿಲ್ಲ. ಆ ಆಯಾಸ, ಆ ಮೆಟ್ಟಿಲು ಹತ್ತುವಾಗಿನ ಏದುಸಿರು ಈಗಲೂ ನೆನಪಿದೆ. ಹಾಗಾಗಿ ಒತ್ತಿ ಹೇಳುತ್ತೇನೆ, ಮಾತ್ರೆಗೆ ಚಾ ಬೇಡ, ಹಾಲು ಬೇಡ, ಕ್ಯಾಲ್ಸಿಯಂ ಮಾತ್ರೆಯೂ ಅದೇ ಹೊತ್ತಿಗೆ ಬೇಡ, ಎರಡು ಗಂಟೆ ಬಿಡಿ. ಲಿಂಬೆ ನೀರಿನ ಜೊತೆ ನುಂಗಿದರೆ ಒಳ್ಳೆಯದು. ಹೊಟ್ಟೆ ತೊಳಸಿದರೆ ರಾತ್ರಿ ಊಟದ ಮೇಲೆ ತೆಗೆದುಕೊಳ್ಳಿ, ಆದರೆ ಬಿಡಬೇಡಿ.

ಇನ್ನು ಮೀನು. ಸಮುದ್ರದ ಪಕ್ಕ ಕೂತು ಬಸುರಿಗೆ ಮೀನು ಕೊಡದೇ ಇರುವುದು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ತಾರ್ಲೆ, ಬಂಗಡೆಯಂಥ ಮೀನಿನಲ್ಲಿ ಪ್ರೋಟೀನ್ ಇದೆ, ಮಗುವಿನ ಮಿದುಳು ಬೆಳೆಯಲು ಬೇಕಾದ ಒಮೆಗಾ-3 ಕೊಬ್ಬು ಇದೆ, ಬೆಲೆಯೂ ಇಸ್ವಾಣ ಮೀನಿನಷ್ಟಲ್ಲ. ವಾರಕ್ಕೆ ಎರಡು ಮೂರು ಸಲ ಚೆನ್ನಾಗಿ ಬೇಯಿಸಿ ತಿನ್ನಿ. ಮೋರಿ ಮೀನು ಮಾತ್ರ ಬಿಡಿ, ಶಾರ್ಕ್ ಜಾತಿಯ ದೊಡ್ಡ ಮೀನಿನಲ್ಲಿ ಪಾದರಸ ಜಾಸ್ತಿ ಸೇರಿರುತ್ತದೆ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ 61 ದಿನ ನಿಷೇಧ, ಆಗ ತಾಜಾ ಮೀನು ಸಿಗುವುದು ಕಷ್ಟ. ಹಾಗಂತ ದಿನಾ ಒಣಮೀನು ತಿಂದರೆ ಉಪ್ಪು ವಿಪರೀತ ಆಗುತ್ತದೆ. ಆ ದಿನಗಳಲ್ಲಿ ಮೊಟ್ಟೆ, ಹೆಸರುಕಾಳು, ಅಲಸಂದೆ ಮಾಡಿ. ಹರಿವೆ, ನುಗ್ಗೆ ಸೊಪ್ಪು ಹಿತ್ತಲಲ್ಲೇ ಇರುತ್ತದೆ, ಅಲ್ವಾ? ಮೇಲೆ ಲಿಂಬೆ ಹಿಂಡಿಕೊಳ್ಳಿ.

ಪಪ್ಪಾಯಿ ವಿಷಯದಲ್ಲಿ ಅತ್ತೆಯ ಮಾತು ಅರ್ಧ ಸರಿ. ಕಾಯಿಯಲ್ಲಿ ಹಾಲಿನಂಥ ಸೊನೆ ಇರುತ್ತದೆ, ಅದು ಬೇಡ. ಚೆನ್ನಾಗಿ ಕಳಿತ ಹಣ್ಣು ತಿನ್ನಬಹುದು. ಬದನೆಕಾಯಿಗೂ ಹೆದರಬೇಕಾಗಿಲ್ಲ.

"ಇಬ್ಬರ ಊಟ ಮಾಡು" ಅಂತಾರಲ್ಲ, ಅದು ಅನ್ನ ಎರಡು ಪಟ್ಟು ಬಡಿಸುವ ಮಾತಲ್ಲ. ದಿನಕ್ಕೆ ಜಾಸ್ತಿ ಬೇಕಾಗಿರುವುದು ಸುಮಾರು 350 ಕ್ಯಾಲೊರಿ. ಒಂದು ಮೊಟ್ಟೆ, ಒಂದು ಲೋಟ ಹಾಲು, ಒಂದು ಹಿಡಿ ಶೇಂಗಾ ಸೇರಿದರೆ ಹೆಚ್ಚೂಕಡಿಮೆ ಅಷ್ಟಾಗುತ್ತದೆ. ಅಂಗನವಾಡಿಯಲ್ಲಿ 2017ರಿಂದ ಮಾತೃಪೂರ್ಣ ಯೋಜನೆ ಇದೆ, ಬಸುರಿ ಬಾಣಂತಿಯರಿಗೆ ಮಧ್ಯಾಹ್ನದ ಊಟ, ಮೊಟ್ಟೆ, ಹಾಲು, ಚಿಕ್ಕಿ. ಹೆಸರು ಬರೆಸಿ, ಸಂಕೋಚ ಬೇಡ. ಮತ್ತೆ, ಎಲ್ಲರದೂ ಆದ ಮೇಲೆ ನೀವು ಊಟಕ್ಕೆ ಕೂರುತ್ತೀರಿ ಅಂತ ಬರೆದಿದ್ದೀರಲ್ಲ, ಅದನ್ನು ಇವತ್ತೇ ನಿಲ್ಲಿಸಿ. ನಿಮ್ಮ ಗಂಡ ಇದನ್ನು ಓದುತ್ತಿದ್ದರೆ ಅವರಿಗೂ ಹೇಳುತ್ತೇನೆ, ಮೊಬೈಲ್ ಆಚೆ ಇಟ್ಟು ಮೊದಲು ಹೆಂಡತಿಗೆ ಬಡಿಸಿ.

ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದದ್ದನ್ನೂ ಓದಿದೆ. ಹಸಿ ಮಣ್ಣು ತಿನ್ನುವ ಆಸೆಯಾಗುತ್ತದೆ, ಎರಡು ಸಲ ತಿಂದೆ, ಯಾರಿಗೂ ಹೇಳಿಲ್ಲ ಅಂತ. ಇದು ನಾಚಿಕೆಯ ವಿಷಯ ಅಲ್ಲ, ಸುಮ್ನೆ ಬಯಕೆ ಅಂತ ಬಿಡುವುದೂ ಬೇಡ. ಕಬ್ಬಿಣ ಕಡಿಮೆಯಾದವರಲ್ಲಿ ಹೀಗಾಗುವುದುಂಟು. ಮಣ್ಣಿನಿಂದ ಜಂತುಹುಳವೂ ಸೇರಬಹುದು. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ತಾಯಿ ಕಾರ್ಡ್ ಹಿಡಿದುಕೊಂಡು ಹೋಗಿ, ಅತ್ತೆಯನ್ನೂ ಕರೆದುಕೊಂಡು ಹೋಗಿ. ಮಾತ್ರೆಯ ಬಗ್ಗೆ ಅವರೇ ಡಾಕ್ಟರ ಹತ್ತಿರ ಕೇಳಲಿ. ಮಣ್ಣಿನ ವಿಷಯ ಮಾತ್ರ ನೀವೇ ಬಾಯಿಬಿಟ್ಟು ಹೇಳಿ. ರಕ್ತ ಎಷ್ಟಾಯಿತು ಅಂತ ನನಗೊಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.

ನಿಮ್ಮ
ಸಂಪಾದಕಿ