ಅಕ್ಕ, ಅಣ್ಣನ ಹೆಸರಿಗೆ ತಮ್ಮನ ಹೆಸರು ಹೊಂದಲೇಬೇಕಾ?

ಪ್ರಶ್ನೆ: ನಾವು ಹಾವೇರಿ ಕಡೆಯವರು, ಈಗ ಬೆಂಗಳೂರಲ್ಲಿದ್ದೇವೆ. ಮಗಳು ಆದ್ಯ, ಮಗ ಆರ್ಯ. ಎರಡೂ ಹೆಸರು ಗಂಡ ಮತ್ತು ನಾದಿನಿ ಸೇರಿ ಆರಿಸಿದ್ದು. ಈಗ ಮೂರನೆಯವನು ಹುಟ್ಟಿದ್ದಾನೆ. ಹೋದ ವರ್ಷ ತೀರಿಕೊಂಡ ನನ್ನಪ್ಪ ಬಸವರಾಜ. ಮಗುವಿಗೆ ಬಸವ ಅಂತ ಇಡೋಣ ಅಂದ್ರೆ, "ಸೆಟ್ ಆಗಲ್ಲ, ಹಳೇ ಹೆಸರು, ಎಲ್ಲರೂ ಬಸ್ಯಾ ಅಂತಾರೆ" ಅನ್ನುತ್ತಾರೆ. ಅವರಿಗೆ ಆರವ್ ಬೇಕು. ಮುಂದಿನ ವಾರ ತೊಟ್ಟಿಲು. ನಾನು ಸುಮ್ನೆ ಹಠ ಮಾಡ್ತಿದ್ದೀನಾ?

ಉತ್ತರ: ಇಲ್ಲ, ಹಠ ಅಲ್ಲ. ಅಪ್ಪ ಹೋಗಿ ಇನ್ನೂ ವರ್ಷ ಆಗಿದೆ ಅಷ್ಟೇ. ಮಗು ಮಡಿಲಿಗೆ ಬಂದಾಗ ಅವರ ಹೆಸರು ಬಾಯಿಗೆ ಬರದೆ ಇನ್ಯಾರ ಹೆಸರು ಬರುತ್ತೆ? ಮೊದಲ ಎರಡು ಮಕ್ಕಳಿಗೆ ಅವರು ಆರಿಸಿದ ಹೆಸರನ್ನು ನೀವು ಒಪ್ಪಿದ್ದೀರಿ. ಈ ಸಲ ನಿಮ್ಮ ಮಾತು ನಡೆಯಲಿ ಅಂತ ಕೇಳೋದರಲ್ಲಿ ತಪ್ಪೇನಿದೆ?

ಸೆಟ್ ಆಗಲ್ಲ ಅನ್ನೋ ಮಾತು ನೋಡೋಣ. ಡಾ. ರಾಜ್‌ಕುಮಾರ್ ಮಕ್ಕಳು ಶಿವರಾಜ್, ರಾಘವೇಂದ್ರ, ಪುನೀತ್, ಲಕ್ಷ್ಮಿ, ಪೂರ್ಣಿಮಾ. ಇದರಲ್ಲಿ ಪ್ರಾಸ ಎಲ್ಲಿದೆ? ಆ ಮಕ್ಕಳನ್ನು ನಾವು ಒಟ್ಟಿಗೆ ನೆನೆಸಿಕೊಳ್ಳೋದಕ್ಕೆ ಏನೂ ಅಡ್ಡಿಯಾಗಿಲ್ಲ. ಅಷ್ಟೇ ಯಾಕೆ, ಬಸವಣ್ಣನವರ ಅಕ್ಕ ನಾಗಮ್ಮ. ಹೆಸರು ಒಂದಕ್ಕೊಂದು ಹೊಂದುತ್ತಾ ಅಂತ 12ನೇ ಶತಮಾನದಿಂದ ಇವತ್ತಿನವರೆಗೆ ಯಾರಾದರೂ ಕೇಳಿದ್ದಾರಾ?

ಇನ್ನು ಹೊಂದುವ ಹೆಸರಿನ ಕಷ್ಟ ನಿಮಗೆ ಆಗಲೇ ಗೊತ್ತಿರಬೇಕು. ಅಡುಗೆಮನೆಯಿಂದ "ಆದ್ಯಾ" ಅಂತ ಕೂಗಿ, ಆರ್ಯ ಓಡಿಬರುತ್ತಾನೆ. ಅದಕ್ಕೆ ಆರವ್ ಅಂತ ಇನ್ನೊಂದು ಸೇರಿದರೆ? ಇಂಗ್ಲಿಷ್‌ನಲ್ಲಿ ಮೂವರಿಗೂ ಮೊದಲ ಅಕ್ಷರ ಒಂದೇ, ಅಪ್ಪನ ಹೆಸರೂ ಮನೆತನದ ಹೆಸರೂ ಒಂದೇ. ಶಾಲೆ ಫೀಸಿನ ರಸೀದಿ, ಲಸಿಕೆ ಕಾರ್ಡು, ಆಧಾರ್, ಎಲ್ಲದರಲ್ಲೂ ಯಾರದು ಯಾವುದು ಅಂತ ಹುಡುಕಬೇಕಾಗುತ್ತೆ. ಬಸವ ಅಂದರೆ ಆ ತಾಪತ್ರಯವೇ ಇಲ್ಲ. ಬಸ್ಯಾ ಅಂತ ಕರೀತಾರೆ, ನಿಜ, ನಮ್ಮ ಕಡೆ ಮಲ್ಲ್ಯಾ, ಈರ‍್ಯಾ ಅನ್ನಿಸಿಕೊಳ್ಳದೆ ಬೆಳೆದ ಹುಡುಗರೇ ಕಡಿಮೆ. ಅದು ಸಲಿಗೆಯ ಮಾತು. ಹುಡುಗನಿಗೆ ಇಷ್ಟವಾಗದಿದ್ದರೆ ಬಸು ಅಂತ ನೀವೇ ಮೊದಲಿಂದ ರೂಢಿ ಮಾಡಿ.

ಆದರೆ ನನಗೆ ಒಂದು ಅನುಮಾನ. ಈ ಸೆಟ್ ಆಗಲ್ಲ ಅನ್ನೋದು ನೆಪ ಇರಬಹುದು. ಗಂಡು ಮಗುವಿಗೆ ಅಜ್ಜನ ಹೆಸರು ಅಂದರೆ ನಮ್ಮಲ್ಲಿ ಸಾಮಾನ್ಯವಾಗಿ ಅಪ್ಪನ ಅಪ್ಪನದು ಮೊದಲು. ನಿಮ್ಮ ದೊಡ್ಡ ಮಗನಿಗೆ ಆ ಹೆಸರು ಬಂದಿಲ್ಲ. ಈಗ ಬೀಗರ ಹೆಸರು ಬರುತ್ತಿದೆ. ಅತ್ತೆಗೆ ಒಳಗೊಳಗೇ ಚುಚ್ಚಿರಬಹುದು, ನಿಮ್ಮ ಗಂಡನಿಗೂ. ಯಾರೂ ಬಾಯಿಬಿಟ್ಟು ಹೇಳಲ್ಲ, ಎಲ್ಲರೂ ಪ್ರಾಸದ ಮೇಲೆ ಹಾಕುತ್ತಾರೆ. ಹಾಗಾಗಿ ಅತ್ತೆಯ ಹತ್ತಿರ ನೇರವಾಗಿ ಕೂತು, "ಅತ್ತೀ, ಮಾವನ ಹೆಸರು ಇಡಲಿಲ್ಲ ಅಂತ ಬೇಜಾರಾ?" ಅಂತ ಕೇಳಿಬಿಡಿ. ಹೌದು ಅಂದರೆ ದಾರಿ ಇದೆ. ಮಾವನ ಹೆಸರಲ್ಲಿ ಗುರು, ಶಿವ, ಲಿಂಗ, ಪ್ರಭು, ಯಾವುದಿದ್ದರೂ ಬಸವನ ಜೊತೆ ಕೂಡುತ್ತೆ: ಗುರುಬಸವ, ಶಿವಬಸವ, ಬಸವಲಿಂಗ, ಬಸವಪ್ರಭು. ಅಕ್ಕ ನಾಗಮ್ಮನ ಮಗನಿಗೇ ಸೋದರಮಾವನ ಹೆಸರು ಕೂಡಿ ಚನ್ನಬಸವಣ್ಣ ಆಗಿಲ್ವಾ?

ಮನೇಲಿ ಬಸವ, ದಾಖಲೆಯಲ್ಲಿ ಆರವ್ ಅಂತ ಯಾರಾದರೂ ರಾಜಿ ತಂದರೆ ಒಪ್ಪಬೇಡಿ. ಬೇಕಾದರೆ ತಿರುಗಿಸಿ, ದಾಖಲೆಯಲ್ಲಿ ಬಸವ ಇರಲಿ, ಮುದ್ದಿಗೆ ಅವರು ಏನಾದರೂ ಕರೀಲಿ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ ಸೇರೋದರಿಂದ ಪಾಸ್‌ಪೋರ್ಟ್‌ವರೆಗೆ ಜನನ ಪ್ರಮಾಣಪತ್ರವೇ ಮುಖ್ಯ ದಾಖಲೆ. ಅದರಲ್ಲಿ ಏನು ಬರೆಸುತ್ತೀರೋ ಅದೇ ಅವನಿಗೆ ಗಟ್ಟಿ. ಆದರೆ ಗಾಬರಿ ಬೇಡ. 21 ದಿನದೊಳಗೆ ಜನನ ನೋಂದಣಿ ಮಾತ್ರ ಆಗಲಿ, ಹೆಸರಿನ ಜಾಗ ಖಾಲಿ ಬಿಡಬಹುದು. 1 ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ತೊಟ್ಟಿಲು ಹತ್ತಿರ ಬಂತು ಅಂತ ಹೆದರಿ ಸೋಲಬೇಡಿ.

ಕೊನೆಗೆ ನಾದಿನಿ. ತೊಟ್ಟಿಲ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳೋದು ಸೋದರತ್ತೆ, ಅಂದರೆ ಆಕೆಯೇ. ಅವತ್ತು ಎಲ್ಲರೆದುರು ಮುಖ ಊದಿಸಿಕೊಂಡು ಹೇಳೋದು ಯಾರಿಗೂ ಚೆಂದ ಅಲ್ಲ. ಇವತ್ತೇ ಫೋನ್ ಮಾಡಿ. ಹೆಸರು ಚೆನ್ನಾಗಿದೆಯಾ ಅಂತ ಕೇಳಬೇಡಿ, ವಾದ ಮತ್ತೆ ಶುರುವಾಗುತ್ತೆ. ಅಪ್ಪ ಹೋದ ಮೇಲೆ ನಿಮಗೆ ಹೇಗಾಗಿದೆ ಅನ್ನೋದನ್ನ ಹೇಳಿ. ನಿಮ್ಮ ತಾಯಿಗೆ ಮಾತ್ರ ಎಲ್ಲ ಗಟ್ಟಿಯಾಗುವವರೆಗೆ ಹೇಳಬೇಡಿ. ಹೆಸರು ಇಡ್ತೀವಿ ಅಂತ ಆಸೆ ಹುಟ್ಟಿಸಿ ಆಮೇಲೆ ಇಲ್ಲ ಅಂದರೆ ಆ ಜೀವಕ್ಕೆ ಜಾಸ್ತಿ ನೋವಾಗುತ್ತೆ.