ಬಳ್ಳಾರಿಗೆ ಬೇಕಿರುವುದು ಮೆಟ್ರೋ ಅಲ್ಲ, ಗಂಟೆಗೊಂದು ಮೆಮು ರೈಲು

ಪ್ರಶ್ನೆ: ಸರ್, ಬಳ್ಳಾರಿಗೆ ಮೆಟ್ರೋ ಯಾವಾಗ? ಹೊಸಪೇಟೆವರೆಗೂ ಹಾಕಬಹುದಲ್ವಾ?

ಮತ್ತೆ ಮತ್ತೆ ಇದೇ ಪ್ರಶ್ನೆ. ಹಾಗಾಗಿ ಈ ಸಲ ಪೂರ್ತಿ ಹೇಳಿಬಿಡುತ್ತೇನೆ. ಕಿಲೋಮೀಟರಿಗೊಂದು ಸ್ಟೇಷನ್, ಐದಾರು ನಿಮಿಷಕ್ಕೊಂದು ಗಾಡಿ, ಅದನ್ನು ಬೆಳಗ್ಗೆಯಿಂದ ರಾತ್ರಿವರೆಗೆ ತುಂಬುವಷ್ಟು ಜನ, ಇವು ಮೂರೂ ಇದ್ದರೆ ಮಾತ್ರ ಮೆಟ್ರೋ. ಬೆಂಗಳೂರಿನ ಮೊದಲ ಹಂತದ 42 ಕಿ.ಮೀ.ಗೇ 13 ಸಾವಿರ ಕೋಟಿ ರೂಪಾಯಿಗಿಂತ ಜಾಸ್ತಿ ಖರ್ಚಾಯಿತು. 2011ರ ಜನಗಣತಿಯಂತೆ ಬಳ್ಳಾರಿ ನಗರದಲ್ಲಿ ಇದ್ದದ್ದು ಸುಮಾರು 4 ಲಕ್ಷ ಜನ. ಕೌಲ್‌ಬಜಾರಿನಿಂದ ರಾಯಲ್ ಸರ್ಕಲ್‌ಗೆ ಹೋಗಲು ಸಿಟಿ ಬಸ್ ಸಾಕು, ಅದು ಹತ್ತು ನಿಮಿಷಕ್ಕೊಂದು ಬರಬೇಕು ಅಷ್ಟೇ.

"ಇಲ್ಲೇ ಮೆಟ್ರೋ ಸ್ಟೇಷನ್ ಬರುತ್ತೆ" ಅಂತ ಸೈಟ್ ಮಾರುವ ಬ್ರೋಕರ್‌ಗಳ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಬಣ್ಣದ ನಕ್ಷೆ ತೋರಿಸಿದರೆ ಸರ್ಕಾರಿ ಆದೇಶದ ಪ್ರತಿ ಕೇಳಿ. ಅದು ಕೈಗೆ ಬರುವವರೆಗೆ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ.

ಇನ್ನು ಹೊಸಪೇಟೆ. ಹತ್ತಿರ ಹತ್ತಿರ 65 ಕಿ.ಮೀ. ದಾರಿ, ಇದು ಮೆಮುವಿನ ಕೆಲಸ. ಮೆಮು ಅಂದರೆ ಬೇರೆ ಇಂಜಿನ್ ಇಲ್ಲದೆ ಕರೆಂಟಿನಲ್ಲಿ ಓಡುವ, ಹತ್ತಿರದ ಊರುಗಳ ರೈಲು. ಎರಡೂ ತುದಿಯಲ್ಲಿ ಡ್ರೈವರ್ ಕ್ಯಾಬಿನ್ ಇರುವುದರಿಂದ ಇಂಜಿನ್ ಬಿಚ್ಚಿ, ಇನ್ನೊಂದು ಕಡೆ ಕಟ್ಟುವ ರಗಳೆ ಇಲ್ಲ. ನಿಂತ ಗಾಡಿ ಬೇಗ ವೇಗ ಹಿಡಿಯುತ್ತದೆ. ಕುಡತಿನಿ, ತೋರಣಗಲ್ಲು, ಗಾದಿಗನೂರು ಅಂತ ನಿಲ್ಲುತ್ತಾ ಹೋಗುವ ಗಾಡಿಗೆ ಅದೇ ಮುಖ್ಯ. ಸಣ್ಣ ಸ್ಟೇಷನ್‌ಗಳ ಪ್ಲಾಟ್‌ಫಾರಂ ತಗ್ಗಿನಲ್ಲಿರುತ್ತದೆ, ಮೆಮುವಿನ ಬಾಗಿಲಿಗೆ ಮೆಟ್ಟಿಲಿರುತ್ತದೆ. ತರಕಾರಿ ಬುಟ್ಟಿಯನ್ನು ಮೊದಲು ಒಳಗೆ ತಳ್ಳಿ, ಕಂಬಿ ಹಿಡಿದು ಅಜ್ಜಿ ಹತ್ತಬಹುದು. ಮೆಟ್ರೋ ಬೋಗಿಗೆ ಮೆಟ್ಟಿಲೇ ಇಲ್ಲ.

ಲೆಕ್ಕ ಹಾಕಿ ನೋಡಿ. ಒಂದು ಕಡೆಗೆ ಒಂದೂವರೆ ಗಂಟೆ, ಒಂದೊಂದು ತುದಿಯಲ್ಲೂ ಕಾಲು ಗಂಟೆ ಅಂತ ಹಿಡಿದರೂ ಹೋಗಿ ಬರಲು ಮೂರೂವರೆ ಗಂಟೆ. ನಾಲ್ಕು ಗಾಡಿ ಇದ್ದರೆ ಗಂಟೆಗೊಂದು ಓಡಿಸಬಹುದು. ಕಷ್ಟ ಇರುವುದು ಹಳಿ ಖಾಲಿ ಸಿಗುವುದರಲ್ಲಿ. ಅದಿರು, ಕಲ್ಲಿದ್ದಲಿನ ಗೂಡ್ಸ್ ಇದೇ ಹಳಿಯಲ್ಲಿ ಹೋಗಬೇಕು, ರೈಲ್ವೆಗೆ ದುಡ್ಡು ತರುವುದೂ ಅದೇ. ಅದಕ್ಕೇ ಮನವಿ ಕೊಡುವಾಗ ಸುಮ್ನೆ "ಮೆಟ್ರೋ ಬೇಕು" ಅಂತ ಬರೆಯಬೇಡಿ. ತೋರಣಗಲ್ಲಿನ ಕಾರ್ಖಾನೆಯಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಇಷ್ಟು ಗಂಟೆಗೆ ಗಾಡಿ ಬೇಕು, ಇಳಿದ ತಕ್ಷಣ ಸ್ಟೇಷನ್ ಮುಂದೆಯೇ ಸಿಟಿ ಬಸ್ ಬೇಕು ಅಂತ ಗಂಟೆ ಸಮೇತ ಬರೆಯಿರಿ. ಬಸ್ಸಿಲ್ಲದಿದ್ದರೆ ರೈಲಿನಲ್ಲಿ ಉಳಿದ ದುಡ್ಡೆಲ್ಲ ಆಟೋಗೇ ಹೋಗುತ್ತದೆ.

ಪ್ರಶ್ನೆ: ಬೆಂಗಳೂರಿನ ಹಳೆ ಮೆಟ್ರೋ ಬೋಗಿ ತಂದು ನಮ್ಮ ಹಳಿ ಮೇಲೆ ಓಡಿಸಬಹುದಾ?

ಆಗಲ್ಲ. ಅದರ ಹಳಿಯ ಅಗಲ 1,435 ಮಿ.ಮೀ., ನಮ್ಮದು 1,676. ಕರೆಂಟೂ ಬೇರೆ: ಅಲ್ಲಿ ಹಳಿ ಪಕ್ಕದಿಂದ 750 ವೋಲ್ಟ್, ಇಲ್ಲಿ ಮೇಲಿನ ತಂತಿಯಿಂದ 25,000.

ಪ್ರಶ್ನೆ: ಡೆಮು, ಮೆಮು ಎರಡರಲ್ಲಿ ಯಾವುದು ಒಳ್ಳೇದು?

ತಂತಿ ಇದ್ದರೆ ಮೆಮು, ಇಲ್ಲದಿದ್ದರೆ ಡೀಸೆಲ್‌ನಲ್ಲಿ ಓಡುವ ಡೆಮು.

ಪ್ರಶ್ನೆ: ರಾಯಚೂರಿಗೆ ಟ್ರಾಮ್?

ಮೊದಲು ಫುಟ್‌ಪಾತ್ ಕೇಳಿ.

ಪ್ರಶ್ನೆ: ಸಿಂಧನೂರಿಗೆ 2024ರಲ್ಲೇ ರೈಲು ಬಂತು. ಆದರೂ ನಮ್ಮ ಮನೆಯವರು ಬಸ್ಸೇ ಹಿಡಿಯುತ್ತಾರೆ, ಯಾಕೆ?

ಸರಿಯಾಗೇ ಮಾಡುತ್ತಿದ್ದಾರೆ. ಒಂದು ಗಾಡಿ ತಪ್ಪಿದರೆ ಇನ್ನೊಂದಕ್ಕೆ ಗಂಟೆಗಟ್ಟಲೆ ಕಾಯಬೇಕು ಅಂದರೆ ಯಾರು ತಾನೇ ನೆಚ್ಚಿಕೊಳ್ಳುತ್ತಾರೆ? ಗಾಡಿ ಹೆಚ್ಚುವವರೆಗೆ, ಆಸ್ಪತ್ರೆ, ಪರೀಕ್ಷೆ ಇದ್ದ ದಿನ ನೀವೂ ಬಸ್ಸಿಗೇ ಹೋಗಿ. ಉಳಿದ ದಿನ ರೈಲು ಹತ್ತಿ, ಟಿಕೆಟ್ ತಗೊಂಡೇ ಹತ್ತಿ. ಗಾಡಿ ಜಾಸ್ತಿ ಮಾಡಿ ಅಂತ ಕೇಳಲು ಹೋದಾಗ ರೈಲ್ವೆಯವರು ಮೊದಲು ತೆಗೆಯುವುದೇ ಟಿಕೆಟ್ ಲೆಕ್ಕ.